ಹಡಗಿನ ಊಟಕ್ಕೆ ಹೇಳುವವರು ಕೇಳುವವರು ಇಲ್ಲವೇ?

ಮಾನ್ಯ ಸಂಪಾದಕರೇ,

ಭಾನುವಾರದ ನಿಮ್ಮ ಪತ್ರಿಕೆಯಲ್ಲಿ ಕ್ರೂಸ್ ಪ್ರವಾಸದ ವರದಿ ಓದಿದೆ. ಮುಂಬೈ ಬಂದರಿನ ಬಲ್ಲಾರ್ಡ್ ಪಿಯರ್‌ನ ಹೊಸ ಟರ್ಮಿನಲ್ಲಿನ ಫೋಟೊ ಚೆನ್ನಾಗಿಯೇ ಬಂದಿದೆ. 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಆ ಕಟ್ಟಡದ ಬಗ್ಗೆ ನನ್ನ ತಕರಾರಿಲ್ಲ. ಆದರೆ ವರದಿಯಲ್ಲಿ ಊಟದ ಬಗ್ಗೆ ಒಂದು ಸಾಲೂ ಇಲ್ಲ. ನಾನೂ ನನ್ನ ಹೆಂಡತಿಯೂ ಅದರ ಹಿಂದಿನ ದಿನವಷ್ಟೇ ಗೋವಾ ನೋಡಿ, ಹಡಗಿನಿಂದ ಇಳಿದು, ಹಸಿದುಕೊಂಡು ಡೊಂಬಿವಲಿಗೆ ಬಂದೆವು. ಬಿಟ್ಟುಹೋದದ್ದನ್ನು ನಾನು ಬರೆಯುತ್ತೇನೆ.

ಇದು ನಮ್ಮ ಮೊದಲ ಕ್ರೂಸ್. ಮದುವೆಯಾಗಿ ನಲವತ್ತು ವರ್ಷ ಆಯಿತೆಂದು ಹೋದದ್ದು. ಇಬ್ಬರಿಗೆ ಮೂರು ರಾತ್ರಿಗೆ 74 ಸಾವಿರ ರೂಪಾಯಿ. ಊಟ ತಿಂಡಿ ಎಲ್ಲ ಸೇರಿದೆ, ನೀವು ಸುಮ್ನೆ ಬ್ಯಾಗ್ ಹಿಡಿದು ಹತ್ತಿದರೆ ಸಾಕು ಎಂದಿದ್ದರು ಏಜೆಂಟರು. ಮನೆಯಿಂದ ಚಕ್ಕುಲಿ ಡಬ್ಬಿ ಕೂಡ ಒಯ್ಯಲಿಲ್ಲ. ಒಯ್ಯಬೇಕಿತ್ತು.

ಮೊದಲ ರಾತ್ರಿಯ ಊಟಕ್ಕೆ ಎರಡು ಪಾಳಿ. ನಮಗೆ ಸಿಕ್ಕಿದ್ದು ಒಂಬತ್ತೂವರೆಯದು. ಹೆಂಡತಿಗೆ ಶುಗರ್ ಇದೆ, ಎಂಟಕ್ಕೆ ಮಾತ್ರೆ ತಗೊಂಡು ಊಟ ಮಾಡಲೇಬೇಕು. ಒಂದು ಚಪಾತಿಯಾದರೂ ಕೊಡಿ ಎಂದು ಕೇಳಿದೆ. ಮೇಲಿನ ಮಹಡಿಯ ಹೋಟೆಲಿಗೆ ಹೋಗಿ, ಅಲ್ಲಿ ಬೇರೆ ದುಡ್ಡು ಕೊಡಬೇಕು ಎಂದರು. ಎಲ್ಲ ಸೇರಿದೆ ಎಂದದ್ದು ಏನಾಯಿತು? ಅವಳು ಪರ್ಸಿನಲ್ಲಿದ್ದ ಎರಡು ಗ್ಲೂಕೋಸ್ ಬಿಸ್ಕತ್ತು ತಿಂದು ಕೂತಳು. ಒಂಬತ್ತೂವರೆಗೆ ಹೋದರೆ ಸಾಲು ಲಿಫ್ಟಿನವರೆಗೆ. ನಮ್ಮ ಸರದಿ ಬಂದಾಗ ಅನ್ನದ ಟ್ರೇ ತಳ ಕಾಣುತ್ತಿತ್ತು. ದಾಲ್ ಮೇಲೆ ಕೆನೆಗಟ್ಟಿತ್ತು. ಪನೀರ್ ಹಲ್ಲಿಗೆ ರಬ್ಬರಿನ ಹಾಗೆ. ಮರುದಿನ ಮಧ್ಯಾಹ್ನ ಅದೇ ಪನೀರ್ ಹಸಿರು ಗ್ರೇವಿಯಲ್ಲಿ ಬೇರೆ ಹೆಸರು ಇಟ್ಟುಕೊಂಡು ಬಂತು.

ಬೆಳಗಿನ ಇಡ್ಲಿಯ ಅಂಚು ಒಣಗಿತ್ತು, ನಡುವೆ ತಣ್ಣಗೆ. ಕಾಯಿ ಚಟ್ನಿ ಹುಳಿ ವಾಸನೆ ಹೊಡೆಯುತ್ತಿತ್ತು. ನಾನು ಹೋಟೆಲಿನವರ ಮನೆಯಲ್ಲಿ ಬೆಳೆದವನು, ಈ ವಾಸನೆ ನನಗೆ ಗೊತ್ತು. ಚಿಕನ್ ಟ್ರೇಯ ಸೌಟು ಪಲ್ಯದ ಟ್ರೇಯಲ್ಲಿ ಬಿದ್ದಿತ್ತು. ತೆಗೆದು ಬೇರೆ ಸೌಟು ಇಡುವವರು ಯಾರೂ ಇಲ್ಲ. ನಮ್ಮ ಪಕ್ಕದ ಮೇಜಿನಲ್ಲಿ ಘಾಟ್ಕೋಪರಿನ ಒಂದು ಜೈನ ಕುಟುಂಬ. ಅವರ ಅಜ್ಜಿ ಮೂರು ದಿನವೂ ಮೊಸರನ್ನ, ಸೇಬು ತಿಂದೇ ಕಳೆದರು. ಕೊನೆಯ ದಿನ ಮೊಸರೂ ಮುಗಿದಿತ್ತು. ನೀರಿನ ಬಾಟಲಿಗೆ ಬೇರೆ ಬಿಲ್ಲು.

ಬಡಿಸುವ ಹುಡುಗರನ್ನು ನಾನು ಬಯ್ಯುವುದಿಲ್ಲ. ನಮ್ಮ ಮಾತು ಕೇಳಿ ಕುಂದಾಪುರ ಕಡೆಯ ಹುಡುಗನೊಬ್ಬ ಹತ್ತಿರ ಬಂದ. 'ಅಂಕಲ್, ನಾಳೆ ಏಳು ಗಂಟೆಗೇ ಬಂದುಬಿಡಿ, ಆಗ ಬಿಸಿ ಇರುತ್ತೆ' ಎಂದ. ಪಾಪ, ಅವನಿಗೆ ಗೊತ್ತಿರುವುದು ಅವನ ಮೇಲಿನವರಿಗೆ ಗೊತ್ತಿಲ್ಲವೇ?

ಗೋವಾದ ಮುರಗಾಂವ್ ಬಂದರಿನಲ್ಲಿ ಹಡಗು ನಿಂತಾಗ ಬೀಚು ಗೀಚು ಎಲ್ಲ ಬಿಟ್ಟು ನೇರ ವಾಸ್ಕೋ ಪೇಟೆಗೆ ಹೋದೆವು. ಮಾರ್ಕೆಟ್ ಹತ್ತಿರ ಕಾರವಾರದವರೊಬ್ಬರ ಸಣ್ಣ ಹೋಟೆಲು. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಸೋಲ್ ಕಡಿ. ಅನ್ನ, ಸಾರು ಹಬೆಯಾಡುತ್ತಿತ್ತು. ಹೆಂಡತಿ ಎರಡು ಸಲ ಅನ್ನ ಹಾಕಿಸಿಕೊಂಡಳು. 74 ಸಾವಿರ ಕೊಟ್ಟ ಪ್ರವಾಸದಲ್ಲಿ ಹೊಟ್ಟೆ ತುಂಬಿದ್ದು ಆ ಒಂದೇ ಮಧ್ಯಾಹ್ನ.

ಅಪ್ಪ ಪರೇಲಿನ ಗಿರಣಿಗಳ ಹತ್ತಿರ ಹೋಟೆಲ್ ನಡೆಸುತ್ತಿದ್ದರು. 1982ರ ಮುಷ್ಕರದಲ್ಲಿ ಗಿರಣಿಗಳ ಜೊತೆ ಅದೂ ಹೋಯಿತು. ಇನ್‌ಸ್ಪೆಕ್ಟರ್ ಬಂದರೆ ಅಪ್ಪನ ಕೈ ನಡುಗುತ್ತಿತ್ತು. ಗೋಡೆಗೆ ಸುಣ್ಣ ಯಾಕಿಲ್ಲ, ಡ್ರಮ್ಮಿಗೆ ಮುಚ್ಚಳ ಯಾಕಿಲ್ಲ ಎಂದು ಕೇಳಿ, ಬಿಟ್ಟಿ ಮಸಾಲೆ ದೋಸೆ ತಿಂದು ಹೋಗುತ್ತಿದ್ದರು. ಇವತ್ತಿಗೂ ಮಾಟುಂಗಾ, ದಾದರಿನ ನಮ್ಮ ಸಣ್ಣ ಹೋಟೆಲಿನವರು ಲೈಸೆನ್ಸ್ ಗೋಡೆಗೆ ಹಾಕಿಕೊಂಡೇ ಕೂರಬೇಕು. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆ, ತಣ್ಣಗಿನದು 5 ಡಿಗ್ರಿಗಿಂತ ಕೆಳಗೆ ಇರಬೇಕು ಎಂಬ ನಿಯಮ ಅವರಿಗೆ ಬಾಯಿಪಾಠ. ಆ ಹಡಗಿನ ದಾಲಿಗೆ ಈ ನಿಯಮ ಇಲ್ವಾ? ಊಟ ಕೆಟ್ಟಿದೆ ಎಂದರೆ ಊರಿನಲ್ಲಿ ಎದುರಿನ ಹೋಟೆಲಿಗೆ ಹೋಗಬಹುದು. ನಡುಗಡಲಲ್ಲಿ ಎಲ್ಲಿಗೆ ಹೋಗೋದು? ಹಡಗಿನವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಇಷ್ಟು ಅಸಡ್ಡೆ.

ದೂರು ಕೊಡಲು ಹೋದರೆ ನಗುವ ಮುಖ, ಅಳುವ ಮುಖ ಇರುವ ಸ್ಕ್ರೀನ್ ತೋರಿಸಿದರು. ಒತ್ತಿ ಅಂತೆ. ಒತ್ತಿದೆ. ರೈಲಿನಲ್ಲಾದರೆ 139ಕ್ಕೆ ಫೋನ್ ಮಾಡಬಹುದು. ಹಡಗಿನಲ್ಲಿ ಯಾವ ನಂಬರು? ಕೌಂಟರಿನಲ್ಲಿದ್ದ ಮೂವರಿಗೂ ಗೊತ್ತಿರಲಿಲ್ಲ. ಅಮೆರಿಕದಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯವರು ಮುಂಚೆ ತಿಳಿಸದೆ ಹಡಗು ಹತ್ತಿ ಅಡುಗೆಮನೆ ನೋಡುತ್ತಾರೆ. ನೂರಕ್ಕೆ ಅಂಕ ಹಾಕುತ್ತಾರೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲು. ಆ ಅಂಕ ಯಾರು ಬೇಕಾದರೂ ನೋಡಬಹುದು. ಮಗಳು ಮೊಬೈಲಿನಲ್ಲಿ ತೋರಿಸಿದಳು. ಇಲ್ಲಿ ಅಡುಗೆಮನೆ ಯಾರು ನೋಡುತ್ತಾರೆ? ನೋಡಿದ್ದರೆ ಆ ಕಾಗದ ನಮ್ಮ ಕಣ್ಣಿಗೆ ಯಾಕೆ ಬೀಳಬಾರದು?

ಸರ್ಕಾರಕ್ಕೆ ಹಡಗು ಎಂದರೆ ಯಾವಾಗಲೂ ಹೀಗೇ. ನಾವು ಹುಡುಗರಿದ್ದಾಗ ಮುಂಬೈಯ ಭಾವುಚಾ ಧಕ್ಕಾದಿಂದ ಪಣಜಿಗೆ ಸ್ಟೀಮರ್ ಇತ್ತು. ಬೆಳಗ್ಗೆ ಹತ್ತಿದರೆ ಮರುದಿನ ಬೆಳಗ್ಗೆ ಪಣಜಿ, ಅಲ್ಲಿಂದ ಬಸ್ಸಿನಲ್ಲಿ ಅಂಕೋಲೆ. ಡೆಕ್ ಮೇಲೆ ಚಾಪೆ ಹಾಸಿ ಮಲಗಿದರೂ ಕ್ಯಾಂಟೀನಿನ ಚಹಾ ಬಿಸಿ ಇರುತ್ತಿತ್ತು. ಬಡವರು ಓಡಾಡುವ ಆ ಸೇವೆ ನಿಂತುಹೋಯಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಕೇಂದ್ರ ಸರ್ಕಾರದ ಕ್ರೂಸ್ ಭಾರತ್ ಮಿಷನ್ ಅಂತೆ, 2029ರ ಹೊತ್ತಿಗೆ ಪ್ರಯಾಣಿಕರು ಎರಡು ಪಟ್ಟು ಆಗಬೇಕಂತೆ. ಜಾಸ್ತಿ ಜನ ಬರಲಿ, ಬೇಡ ಅನ್ನುವುದಿಲ್ಲ. ಬಂದವರಿಗೆ ಏನು ಹಾಕುತ್ತೀರಿ?

ಹಡಗು ಇಲಾಖೆಯವರಾಗಲಿ, ಆಹಾರ ಇಲಾಖೆಯವರಾಗಲಿ, ಯಾರಾದರೂ ಒಬ್ಬರು ಇದಕ್ಕೆ ಉತ್ತರ ಕೊಡಬೇಕು. ಹಡಗಿನ ಅಡುಗೆಮನೆ ನೋಡಬೇಕು. ನಮ್ಮ ದುಡ್ಡಿನಲ್ಲಿ ಸ್ವಲ್ಪವಾದರೂ ವಾಪಸ್ ಕೊಡಿಸಬೇಕು. ಅದೂ ಆಗದಿದ್ದರೆ ಆ ಹುಳಿ ಚಟ್ನಿಯನ್ನು ತಾವೇ ಬಂದು ಒಂದು ಚಮಚ ತಿಂದು ನೋಡಲಿ. ವಯಸ್ಸಾದವರನ್ನು ರಾತ್ರಿ ಒಂಬತ್ತೂವರೆವರೆಗೆ ಉಪವಾಸ ಕೂರಿಸಲು ಇವರಿಗೆ ನಾಚಿಕೆಯಾಗಬೇಕು.

– ನಿವೃತ್ತ ನೌಕರ, ಡೊಂಬಿವಲಿ ಪೂರ್ವ