ಶಿಬಿರಕ್ಕೆ ಹೋದವನು ತಿರುಗಾಡಲು ಹೋದವನಲ್ಲ

ಮಾನ್ಯರೇ,

ಹಾಜರಾತಿ ಕೊರತೆಯಿಂದ ಪರೀಕ್ಷೆ ಬರೆಯಲಾಗದ ವಿದ್ಯಾರ್ಥಿಗಳ ಕುರಿತು ಮೊನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಬಂದ ವರದಿಯನ್ನು ಓದಿದಾಗಿನಿಂದ ಮನಸ್ಸು ಕುದಿಯುತ್ತಿದೆ. ವರ್ಷವಿಡೀ ತಿರುಗಾಡಿ ಪರೀಕ್ಷೆ ಬಂದಾಗ ಅಳುತ್ತ ಬರುತ್ತಾರೆ ಎಂದು ಪ್ರಾಚಾರ್ಯರು ಹೇಳಿದ್ದನ್ನು ನೀವು ಹಾಗೆಯೇ ಅಚ್ಚು ಹಾಕಿದ್ದೀರಿ. ಆ ಪಟ್ಟಿಯಲ್ಲಿ ನನ್ನ ಮೊಮ್ಮಗನ ಹೆಸರೂ ಇದೆ. ಅವನು ತಿರುಗಾಡಲು ಹೋಗಿರಲಿಲ್ಲ. ವರ್ಷದ ಕೆಲವು ಕಾಲ ಮಾತ್ರ ಸೇವೆ ಸಲ್ಲಿಸುವ ಸೇನಾಪಡೆಯಾದ ಟೆರಿಟೋರಿಯಲ್ ಆರ್ಮಿಯ (ಟಿಎ) ಜವಾನನಾಗಿ ಎರಡು ತಿಂಗಳ ವಾರ್ಷಿಕ ತರಬೇತಿ ಶಿಬಿರದಲ್ಲಿದ್ದ. ನಿಮ್ಮ ವರದಿಗಾರರು ಪಟ್ಟಿಯಲ್ಲಿದ್ದ ಒಬ್ಬ ಹುಡುಗನನ್ನಾದರೂ ಮಾತನಾಡಿಸಿದ್ದರೆ ಇದು ಅವರಿಗೇ ತಿಳಿಯುತ್ತಿತ್ತು.

ವರದಿ ಬಂದ ಮರುದಿನವೇ ನಾನು ಕಾಲೇಜಿಗೆ ಹೋದೆ. ನನಗೆ ಎಪ್ಪತ್ತೊಂಬತ್ತು ವರ್ಷ, ಎರಡೂ ಮೊಣಕಾಲು ನೋವು. ನಮ್ಮೂರಿನಿಂದ ಬೈಲಹೊಂಗಲಕ್ಕೆ ಒಂದು ಬಸ್ಸು, ಅಲ್ಲಿಂದ ಬೆಳಗಾವಿಗೆ ಇನ್ನೊಂದು, ಬಸ್ ನಿಲ್ದಾಣದಿಂದ ಕಾಲೇಜಿಗೆ ಆಟೊ. ಹತ್ತೂವರೆಗೆ ಕಿಟಕಿಯ ಮುಂದೆ ನಿಂತವನಿಗೆ ಗುಮಾಸ್ತರು ಸಿಕ್ಕಿದ್ದು ಹನ್ನೆರಡೂಕಾಲಿಗೆ. ಬಟಾಲಿಯನ್‌ನವರು ಕೊಟ್ಟ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿ ತಂದಿದ್ದೆ. ಶಿಬಿರ ಆರಂಭವಾದ ದಿನ, ಮುಗಿದ ದಿನ, ಅಧಿಕಾರಿಯ ಸಹಿ, ನೇರಳೆ ಬಣ್ಣದ ದುಂಡು ಮೊಹರು, ಎಲ್ಲವೂ ಅದರಲ್ಲಿದ್ದವು. ಅವರು ಅದರ ಮಡಿಕೆಯನ್ನೂ ಬಿಚ್ಚಲಿಲ್ಲ. "ಇದು ನಡೆಯಂಗಿಲ್ರಿ ಅಜ್ಜಾರ, ಎನ್‌ಸಿಸಿ ಇದ್ರ ತಗೋತೀವಿ, ಸ್ಪೋರ್ಟ್ಸ್ ಇದ್ರ ತಗೋತೀವಿ, ಇದಕ್ಕ ಕಂಪ್ಯೂಟರ್‌ನಾಗ ಕಾಲಮ್ಮ ಇಲ್ಲ" ಎಂದು ಹೇಳಿ ಕಾಗದವನ್ನು ನನ್ನತ್ತ ಸರಿಸಿದರು.

ಹುಡುಗರಿಗೆ ಸೇನೆಯ ಶಿಸ್ತಿನ ಪರಿಚಯವಾಗಲಿ ಎಂದು ಕಾಲೇಜಿನಲ್ಲಿ ನಡೆಸುವ ಎನ್‌ಸಿಸಿ ಶಿಬಿರಕ್ಕೆ ಹಾಜರಾತಿ ಕೊಡುತ್ತಾರೆ, ಕೊಡಲೇಬೇಕು. ಆದರೆ ಕಾಯ್ದೆಯ ಪ್ರಕಾರ ಸೇನೆಗೆ ಭರ್ತಿಯಾಗಿ, ಕರೆ ಬಂದ ದಿನ ಹೋಗದಿದ್ದರೆ ಶಿಕ್ಷೆಗೆ ಗುರಿಯಾಗುವ ಜವಾನನಿಗೆ ಕೊಡುವುದಿಲ್ಲ ಎಂಬುದು ಯಾವ ನ್ಯಾಯ? ಎನ್‌ಸಿಸಿ ಕೆಡೆಟ್‌ಗೆ ಸೇನೆಗೆ ಸೇರಲೇಬೇಕೆಂಬ ಕಟ್ಟುಪಾಡಿಲ್ಲ. ನನ್ನ ಮೊಮ್ಮಗ ಈಗಾಗಲೇ ಸೇರಿದ್ದಾನೆ.

ಲೆಕ್ಕ ಹಾಕಿದರೆ ಯಾರಿಗಾದರೂ ಅರ್ಥವಾಗುತ್ತದೆ. ಸೆಮಿಸ್ಟರ್‌ಗೆ 90 ಕೆಲಸದ ದಿನಗಳೆಂದು ಇಟ್ಟುಕೊಂಡರೆ ಶೇ 75ರ ನಿಯಮದಂತೆ 68 ದಿನ ಬರಲೇಬೇಕು, ತಪ್ಪಿಸಬಹುದಾದದ್ದು 22 ದಿನ. ಶಿಬಿರ 60 ದಿನಗಳದ್ದು. ಭಾನುವಾರ, ರಜಾದಿನಗಳನ್ನು ಕಳೆದರೂ ಐವತ್ತರ ಆಸುಪಾಸು ತರಗತಿಗಳು ತಪ್ಪುತ್ತವೆ. ಉಳಿದ ಒಂದು ದಿನವನ್ನೂ ಬಿಡದೆ, ಜ್ವರ ಬಂದರೂ ಕಾಲೇಜಿಗೆ ಹೋದ ಹುಡುಗನೂ ಈ ನಿಯಮದಲ್ಲಿ ಪಾಸಾಗಲಾರ. ನನ್ನ ಮೊಮ್ಮಗ ಹಾಗೆಯೇ ಹೋಗಿದ್ದಾನೆ. ಶಿಬಿರದಿಂದ ಬಂದ ಮರುದಿನವೇ ರಸಾಯನಶಾಸ್ತ್ರದ ಪ್ರಯೋಗ ಪುಸ್ತಕವನ್ನು ಗೆಳೆಯನಿಂದ ತಂದು, ಮೂರು ರಾತ್ರಿ ಕುಳಿತು ಬರೆದು ಮುಗಿಸಿದ. ಆ ಪುಸ್ತಕಕ್ಕೆ ಖಾಕಿ ಕಾಗದದ ಹೊದಿಕೆ ಹಾಕಿಕೊಟ್ಟವನು ನಾನೇ. ಅದಿನ್ನೂ ಸಹಿಯಾಗದೆ ಮನೆಯಲ್ಲಿದೆ.

ಅವನನ್ನು ಮುಕ್ತ ವಿಶ್ವವಿದ್ಯಾಲಯಕ್ಕೆ ಸೇರಿಸಬೇಕಿತ್ತು, ಎರಡು ದೋಣಿಯಲ್ಲಿ ಕಾಲಿಡುವುದೇಕೆ ಎಂದು ಕಾಲೇಜಿನ ಕಚೇರಿಯಲ್ಲಿದ್ದ ಇನ್ನೊಬ್ಬರು ಬುದ್ಧಿ ಹೇಳಿದರು. ಐದನೆಯ ಸೆಮಿಸ್ಟರ್‌ನಲ್ಲಿ, ಎರಡು ವರ್ಷದ ಶುಲ್ಕ ಕಟ್ಟಿಸಿಕೊಂಡ ಮೇಲೆ ಹೇಳುವ ಮಾತೇ ಇದು? ಮೊದಲ ವರ್ಷ ಪ್ರವೇಶದ ಅರ್ಜಿಯಲ್ಲಿಯೇ ಅವನು ಟಿಎಯಲ್ಲಿರುವುದನ್ನು ಬರೆದುಕೊಟ್ಟಿದ್ದೆವು. ಅಲ್ಲದೆ ಟಿಎ ಎಂದರೆ ಕಾಯಂ ನೌಕರಿಯಲ್ಲ. ಬೇರೊಂದು ಜೀವನೋಪಾಯ ಇಟ್ಟುಕೊಂಡೇ ವರ್ಷದ ಕೆಲವು ಕಾಲ ದೇಶಕ್ಕೆ ಸೇವೆ ಸಲ್ಲಿಸಬೇಕೆಂಬುದು ಆ ಪಡೆಯ ಮೂಲ ಕಲ್ಪನೆ. ನಮಗಿರುವುದು ಮೂರು ಎಕರೆ ಒಣಬೇಸಾಯ. ಹುಡುಗ ಪದವಿ ಪಡೆಯದೆ ಇನ್ಯಾವ ಜೀವನೋಪಾಯ ಹುಡುಕಿಕೊಳ್ಳಬೇಕು?

ಟೆರಿಟೋರಿಯಲ್ ಆರ್ಮಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1948ರಲ್ಲಿ ಕಾಯ್ದೆಯಾಗಿ, 1949ರ ಅಕ್ಟೋಬರ್ 9ರಂದು ರಾಜಾಜಿಯವರು ಉದ್ಘಾಟಿಸಿದ ಪಡೆ ಅದು. 1962, 1965, 1971ರ ಯುದ್ಧಗಳಲ್ಲಿ ಅದರ ಜವಾನರು ದುಡಿದಿದ್ದಾರೆ. 1963ರಲ್ಲಿ ಎನ್‌ಸಿಸಿಯನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕಡ್ಡಾಯಗೊಳಿಸಲಾಗಿತ್ತು, ಅದು ಐಚ್ಛಿಕವಾದದ್ದು 1968ರಲ್ಲಿ. ಆ ನಡುವೆ ನಾನು ಧಾರವಾಡದಲ್ಲಿ ಓದುತ್ತಿದ್ದೆ. ಪರೇಡ್ ಮೈದಾನದ ಹಾಜರಿಯನ್ನೂ ಅಂದು ಕಾಲೇಜೇ ಬರೆದುಕೊಳ್ಳುತ್ತಿತ್ತು, ಬೆಳಗಿನ ಪರೇಡಿನಿಂದ ಬೂಟಿನ ಮಣ್ಣಿನೊಂದಿಗೆ ತರಗತಿಗೆ ಬಂದವರನ್ನು ಮೇಷ್ಟ್ರುಗಳು ಒಳಗೆ ಕರೆದು ಕೂರಿಸಿಕೊಳ್ಳುತ್ತಿದ್ದರು. ದೇಶಸೇವೆಗೂ ಓದಿಗೂ ಜಗಳವಿದೆ ಎಂದು ಆಗ ಯಾರಿಗೂ ಅನ್ನಿಸಿರಲಿಲ್ಲ.

ಟಿಎ ಕಾಯ್ದೆಯಲ್ಲಿಯೂ ಒಂದು ದೊಡ್ಡ ತೂತಿದೆ. ಸೇವೆಗೆ ಕರೆಸಿಕೊಂಡ ಟಿಎ ಜವಾನ ಮರಳಿ ಬಂದಾಗ ಅವನನ್ನು ಹಿಂದಿನ ನೌಕರಿಗೆ ಸೇರಿಸಿಕೊಳ್ಳುವುದು ಉದ್ಯೋಗದಾತನ ಕರ್ತವ್ಯ ಎಂದು ಅದರ 7ಎ ಕಲಂ ಹೇಳುತ್ತದೆ. ಅಲ್ಲಿ ಉದ್ಯೋಗದಾತನ ಮಾತಿದೆ, ಕಾಲೇಜಿನ ಮಾತಿಲ್ಲ. ಕಾರ್ಖಾನೆಯಲ್ಲಿ ದುಡಿಯುವವನ ಕೆಲಸಕ್ಕೆ ರಕ್ಷಣೆಯಿದ್ದು, ಓದುವವನ ಸೆಮಿಸ್ಟರ್‌ಗೆ ಇಲ್ಲವೆಂದಾದರೆ ಓದಿದ ಹುಡುಗರು ಈ ಪಡೆಗೆ ಏಕೆ ಸೇರುತ್ತಾರೆ? 2025ರ ಮೇ ತಿಂಗಳಲ್ಲಿ ಟಿಎಯವರನ್ನು ಕರೆಸಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರ ಸೇನಾ ಮುಖ್ಯಸ್ಥರಿಗೆ ಕೊಟ್ಟು, 32 ಇನ್‌ಫೆಂಟ್ರಿ ಬಟಾಲಿಯನ್‌ಗಳ ಪೈಕಿ 14ನ್ನು ನಿಯೋಜಿಸಲು ಒಪ್ಪಿಗೆ ನೀಡಿದ ಸುದ್ದಿ ಟಿವಿಯಲ್ಲಿ ಬಂದ ರಾತ್ರಿ ನನ್ನ ಸೊಸೆ ಊಟ ಮಾಡಲಿಲ್ಲ. ಹುಡುಗ ಮಾತ್ರ ತನ್ನ ಟ್ರಂಕಿನ ಬೀಗಕ್ಕೆ ಎಣ್ಣೆ ಬಿಟ್ಟು, ಬೂಟು ಒರೆಸಿಟ್ಟು ಮಲಗಿದ. ಅಂಥವನನ್ನು ತಿರುಗಾಡುವವನು ಎಂದು ಪತ್ರಿಕೆಯಲ್ಲಿ ಕರೆಸಿಕೊಳ್ಳಬೇಕಾಯಿತು.

ನಮ್ಮ ಕಚೇರಿಗಳ ಈ ರೀತಿ ಹೊಸದೇನಲ್ಲ. ಹಿಂದಿನ ವರ್ಷ ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಬೇಕಾದಾಗ, ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ ಮುಂದೆ ಆಗಿದೆ, ಹುಡುಗನೇ ಖುದ್ದಾಗಿ ಬರಬೇಕು ಎಂದರು. ಹುಡುಗ ಆಗಲೂ ಶಿಬಿರದಲ್ಲಿದ್ದ. ಐದು ಸಲ ಅಲೆದೆ. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ಸರ್ವರ್ ಇಲ್ಲ, ನಾಳೆ ಬನ್ನಿ ಎಂಬ ಮೂರು ಉತ್ತರಗಳಲ್ಲಿಯೇ ಅರ್ಜಿಯ ಕೊನೆಯ ದಿನ ಕಳೆದುಹೋಯಿತು, ವಿದ್ಯಾರ್ಥಿವೇತನವೂ ಹೋಯಿತು. ಮೂವತ್ನಾಲ್ಕು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡಿದ ನನ್ನ ಪಿಂಚಣಿ ಪರಿಷ್ಕರಣೆಯ ಕಡತವೂ ಇದೇ ರೀತಿ ಮೇಜಿನಿಂದ ಮೇಜಿಗೆ ಅಲೆದಿತ್ತು. ನನ್ನ ಕಡತ ತಡವಾದರೆ ನಾನು ಕಾಯಬಲ್ಲೆ. ಪರೀಕ್ಷೆ ಕಾಯುವುದಿಲ್ಲ.

ಆದ್ದರಿಂದ ವಿಶ್ವವಿದ್ಯಾಲಯದವರು ಟಿಎ ಶಿಬಿರದ ದಿನಗಳನ್ನು ಹಾಜರಾತಿಯೆಂದು ಪರಿಗಣಿಸುವ ಸುತ್ತೋಲೆಯನ್ನು ಕೂಡಲೇ ಹೊರಡಿಸಬೇಕು. ಅದು ಆಗದಿದ್ದರೆ ಶಿಬಿರದಿಂದ ಮರಳಿದವರಿಗೆ ಪ್ರತ್ಯೇಕ ತರಗತಿ, ಪ್ರತ್ಯೇಕ ಪರೀಕ್ಷೆಯನ್ನಾದರೂ ನಡೆಸಬೇಕು. ಉನ್ನತ ಶಿಕ್ಷಣ ಇಲಾಖೆ ಮತ್ತು ಜಿಲ್ಲಾಡಳಿತ ಇದರಲ್ಲಿ ಏನಾದರೂ ಮಾಡಬೇಕು, ನಮ್ಮ ಸಂಸದರು ಆ 7ಎ ಕಲಂನ ವಿಷಯವನ್ನು ಸಂಸತ್ತಿನಲ್ಲಿ ಎತ್ತಬೇಕು. ಎಲ್ಲಕ್ಕಿಂತ ಮೊದಲು, ತಿರುಗಾಡುತ್ತಾರೆ ಎಂಬ ಆ ಮಾತನ್ನು ಆಡಿದ ಪ್ರಾಚಾರ್ಯರು ಅದನ್ನು ಹಿಂದಕ್ಕೆ ಪಡೆಯಬೇಕು. ಗಣರಾಜ್ಯೋತ್ಸವಕ್ಕೆ ಕಾಲೇಜಿನ ಧ್ವಜಸ್ತಂಭದ ಬಳಿ ಸಮವಸ್ತ್ರದಲ್ಲಿ ನಿಲ್ಲಲು ಇದೇ ಹುಡುಗ ಬೇಕಾಗಿದ್ದ, ಅವನ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡವರೂ ಇವರೇ. ಅವನ ಪ್ರಮಾಣಪತ್ರದ ಮಡಿಕೆ ಬಿಚ್ಚಿ ಓದುವಷ್ಟು ಸೌಜನ್ಯವೂ ಇವರಿಗಿಲ್ಲದೆ ಹೋಯಿತೇ? ಪರೀಕ್ಷೆಗೆ ಇನ್ನು ಒಂಬತ್ತು ದಿನಗಳಿವೆ. ನಾಳೆ ಮತ್ತೆ ಅದೇ ಎರಡು ಬಸ್ಸು ಹಿಡಿದು ಹೋಗುತ್ತಿದ್ದೇನೆ.

ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಬೈಲಹೊಂಗಲ ತಾಲ್ಲೂಕು