ಮುತ್ಯಾನಿಂದ ಬಂದ ಶುಗರ್

ಕಲಬುರಗಿ

ಚಿ. ಶರಣುಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಿನಗೆ ಶುಗರ್ ಬಂದು ಇನ್ಸುಲಿನ್ ಶುರು ಮಾಡಿದ್ದಾರೆ ಅಂತ ಅಣ್ಣ ಹೇಳಿದಾಗಿನಿಂದ ನನಗೆ ನಿದ್ದೆ ಹತ್ತಿಲ್ಲ. ಜಾತ್ರೆ ಮಿಠಾಯಿ ಜಾಸ್ತಿ ತಿಂದು ಬಂತು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ನಿನ್ನ ತಪ್ಪು ಏನೂ ಇಲ್ಲ.

ನಿನ್ನ ಮುತ್ಯಾನೂ ನಿನ್ನಂತೆ ಸಣಕಲು. ಚಿತ್ತಾಪುರದ ಮನೆಯ ಬಚ್ಚಲಲ್ಲಿ ಅವರು ಮೂತ್ರ ಮಾಡಿದ ಕಡೆ ಇರುವೆ ಸಾಲುಗಟ್ಟುತ್ತಿದ್ದವು. ಅವ್ವ ಬೂದಿ ಚೆಲ್ಲಿ ನೀರು ಸುರಿಯುತ್ತಿದ್ದಳು. ಆಮೇಲೆ ನಿಮ್ಮಪ್ಪನಿಗೆ ಬಂತು, 19ನೇ ವಯಸ್ಸಿಗೆ ನನಗೆ. ಮನೆತನದ ವಿಷಯ ಡಾಕ್ಟರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಹನ್ನೊಂದು ವರ್ಷ ಇನ್ಸುಲಿನ್ ಚುಚ್ಚಿಕೊಂಡೆ. ಕೊನೆಗೆ ಹೈದರಾಬಾದಿನ ಡಾಕ್ಟರಮ್ಮ ಒಬ್ಬರು ಚೀಟಿಯ ಹಿಂದೆ ನಮ್ಮ ವಂಶವನ್ನೇ ಬರೆದರು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ಶುಗರ್ ಇದ್ದವರನ್ನು ಪೆನ್ನಿನಿಂದ ಕಪ್ಪು ಮಾಡಿದರು. ಜೀನ್ ಪರೀಕ್ಷೆಯಲ್ಲಿ ಎಚ್‌ಎನ್‌ಎಫ್‌1ಎ ದೋಷ ಸಿಕ್ಕಿತು. ಈ ಬಗೆಯ ಶುಗರ್‌ಗೆ ಮೋಡಿ ಅನ್ನುತ್ತಾರೆ. ಮಾಟದ ಮೋಡಿ ಅಲ್ಲ, ಇಂಗ್ಲಿಷ್ ಅಕ್ಷರ ಕೂಡಿಸಿದ ಹೆಸರು.

ಎಚ್‌ಎನ್‌ಎಫ್‌1ಎ ಅನ್ನುವುದು ಒಂದು ಪ್ರೋಟೀನ್. ಡಿಎನ್‌ಎ ಮೇಲೆ ಕೂತು ಬೇರೆ ಜೀನ್‌ಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಇನ್ಸುಲಿನ್ ಮಾಡುವ ಜೀವಕೋಶಗಳಿಗೆ ಅದು ಬೇಕೇ ಬೇಕು. ಅದರ ಜೀನ್ 12ನೇ ಕ್ರೋಮೋಸೋಮಿನಲ್ಲಿದೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಎರಡರಲ್ಲಿ ಒಂದು ಕೆಟ್ಟರೂ ವರ್ಷ ಕಳೆದಂತೆ ಇನ್ಸುಲಿನ್ ಕಮ್ಮಿಯಾಗುತ್ತದೆ. ಇಂಥವರ ಕಿಡ್ನಿ ಸಕ್ಕರೆಯನ್ನು ಮೂತ್ರದಲ್ಲಿ ಬೇಗ ಹೊರಗೆ ಬಿಡುತ್ತದೆ. ಮುತ್ಯಾನ ಇರುವೆ ನೆನಪಾಗಿ ಅವತ್ತು ಅಲ್ಲೇ ಅತ್ತುಬಿಟ್ಟೆ. ಈ ಜೀನ್ ಕೆಟ್ಟರೆ ಶುಗರ್ ಬರುತ್ತದೆ ಅನ್ನುವುದು 1996ರಲ್ಲೇ ಗೊತ್ತಾದ ವಿಷಯ, ನಮ್ಮ ಮನೆ ಮುಟ್ಟಲು ಎಷ್ಟು ತಡವಾಯಿತು ನೋಡು.

ಈ ಬಗೆಯ ಶುಗರ್‌ಗೆ, ಇನ್ಸುಲಿನ್ ಹೊರಡಿಸುವ ಸಲ್ಫೋನೈಲ್‌ಯೂರಿಯಾ ಗುಳಿಗೆ ಕಮ್ಮಿ ಡೋಸ್‌ನಲ್ಲೇ ಚೆನ್ನಾಗಿ ಹಿಡಿಯುತ್ತದೆ. ನಾನೀಗ ಅದರ ಮೇಲೇ ಇದ್ದೇನೆ. ರೊಟ್ಟಿ ತಿನ್ನುವುದು ತಡವಾದರೆ ಶುಗರ್ ಇಳಿದು ಕೈ ನಡುಗುತ್ತದೆ, ಅಷ್ಟೇ ಎಚ್ಚರ ಬೇಕು. ಕಣ್ಣು, ಕಿಡ್ನಿ ವರ್ಷಕ್ಕೊಮ್ಮೆ ತೋರಿಸುತ್ತೇನೆ.

ಆದರೆ ಮಗಾ, ಇದನ್ನು ಓದಿ ನೀನಾಗಿ ಇನ್ಸುಲಿನ್ ಬಿಡಬೇಡ. ನಿನ್ನದು ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ಹೆಚ್ಚುಕಮ್ಮಿ ನಿಂತೇ ಹೋಗುವ ಶುಗರ್ ಆಗಿದ್ದರೆ ಜೀವಕ್ಕೇ ಕುತ್ತು. ಮೊದಲು ಡಾಕ್ಟರ ಎದುರು ಕೂತು ಎಲ್ಲ ಹೇಳು: ಮೂರು ತಲೆಮಾರು, ಚಿಕ್ಕ ವಯಸ್ಸು, ಅತ್ತೆಗೆ ಸಿಕ್ಕ ಜೀನ್. ನಾಳೆ ಹೆಣ್ಣು ಸಿಗಲಿಕ್ಕಿಲ್ಲ ಅಂತ ಮುಚ್ಚಿಡಬೇಡ. ನಿಮ್ಮಪ್ಪನಿಗೂ ಇದೇ ಇದ್ದರೆ ನಿನ್ನ ತಂಗಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಅವಳ ವಿಷಯವನ್ನೂ ಡಾಕ್ಟರಿಗೆ ಕೇಳು.

ನನ್ನ ರಿಪೋರ್ಟಿನ ಝೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಆ ವಂಶದ ಚೀಟಿಯೂ ಇದೆ. ಅದರಲ್ಲಿ ನಿನ್ನ ಚೌಕ ಖಾಲಿ ಬಿಟ್ಟಿದ್ದಾರೆ, ಡಾಕ್ಟರಿಗೆ ತೋರಿಸು.

ನಿನ್ನ ಅತ್ತೆ