ಗೆಳೆಯನಿಗೊಂದು ಪತ್ರ: ಆ ಕಟ್ಟನ್ನು ಸದ್ಯಕ್ಕೆ ಬೈಂಡಿಂಗಿಗೆ ಕೊಡಬೇಡ

ಧಾರವಾಡ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಮುಟ್ಟಿತು. ರದ್ದಿಯವನ ತಕ್ಕಡಿಗೆ ಬೀಳುವ ಮೊದಲು ಆ ವಿಮಾನದ ವರದಿಗಳನ್ನು ಎತ್ತಿಕೊಂಡೆಯಲ್ಲ, ದೊಡ್ಡ ಕೆಲಸ ಮಾಡಿದೆ. ಆದರೆ ಗದಗಿನಲ್ಲಿ ಬೈಂಡರುಗಳಿಗೇನು ಬರ, ಚಂದ ರಟ್ಟು ಹಾಕಿಸುತ್ತೇನೆ ಎಂದು ಬರೆದಿದ್ದೀ. ಅದೊಂದನ್ನು ತಡೆ. ಅವರ ಕೈಗುಣದ ಮಾತಲ್ಲ ಇದು. ಲೆಕ್ಕದ ಪುಸ್ತಕಕ್ಕೆ ಒಪ್ಪುವ ಬೈಂಡಿಂಗು ಈ ಕಾಗದಕ್ಕೆ ಒಪ್ಪುವುದಿಲ್ಲ.

ಕಟಿಂಗ್ ಮಷಿನ್ನಿಗೆ ಹಾಕಿ ಮೂರು ಅಂಚು ಸವರಿದರೆ ಒಳಗೆ ಮಡಚಿಟ್ಟ ದೊಡ್ಡ ಹಾಳೆಯ ಮಡಿಕೆಯೇ ಕತ್ತರಿಸಿ ಹೋಗಿ ಗ್ರಾಫು ಎರಡು ತುಂಡಾಗುತ್ತದೆ. ಬದಿಗೆ ತೂತು ಹೊಡೆದು ಹೊಲಿದರೆ ಬೆನ್ನಿನ ಕಡೆ ಅರ್ಧ ಇಂಚು ಹೊಲಿಗೆಯೊಳಗೆ ಸೇರಿಬಿಡುತ್ತದೆ. ಎಷ್ಟೋ ಗ್ರಾಫುಗಳ ಲಂಬ ಗೆರೆಯ ಅಂಕಿಗಳು ಇರುವುದು ಅಲ್ಲಿಯೇ. ಮೇಲಾಗಿ ಮೈದಾ ಅಂಟಿಗೆ ಹುಳ ಬೀಳದಿರಲೆಂದು ಮೈಲುತುತ್ತ ಬೆರೆಸುವ ರೂಢಿ. ಮೈಲುತುತ್ತ ಆಮ್ಲೀಯ. ಮೊದಲೇ ಆಮ್ಲದಿಂದ ಕಂದಿದ ಕಾಗದ ಅದರಿಂದ ಇನ್ನಷ್ಟು ಬೇಗ ಪುಡಿಯಾಗುತ್ತದೆ.

ಮೊದಲು ಕೈಯಲ್ಲಿರುವುದು ಏನೆಂದು ಗೊತ್ತುಮಾಡಿಕೋ. ಅಮೆರಿಕದ ವಿಮಾನ ಸಂಶೋಧನೆಯ ಸರ್ಕಾರಿ ಸಮಿತಿ ಎನ್‌ಎಸಿಎ 1915ರ ಮಾರ್ಚ್ 3ರಂದು ಹುಟ್ಟಿ, 1958ರ ಅಕ್ಟೋಬರ್ 1ರಂದು ನಾಸಾದಲ್ಲಿ ಸೇರಿತು. ಅದರ ‘ಟೆಕ್ನಿಕಲ್ ರಿಪೋರ್ಟ್’ ಅಚ್ಚುಕಟ್ಟಾಗಿ ಮುದ್ರಿಸಿದ್ದು. ಬಿಡಿಯಾಗಿಯೂ ಬಂದಿತು, ವಾರ್ಷಿಕ ಸಂಪುಟದಲ್ಲೂ ಸೇರಿತು. ಪುಟಸಂಖ್ಯೆ ಇನ್ನೂರು ಮುನ್ನೂರರಿಂದ ಶುರುವಾಗಿದ್ದರೆ ಅದು ಸಂಪುಟದಿಂದ ಕಿತ್ತದ್ದೆಂದು ತಿಳಿ. ‘ಟೆಕ್ನಿಕಲ್ ನೋಟ್’ ಹೆಚ್ಚಾಗಿ ಟೈಪು ಮಾಡಿ ಸೈಕ್ಲೋಸ್ಟೈಲ್ ತೆಗೆದದ್ದು. ಕಾಗದ ಅಗ್ಗ, ಮೊದಲು ಹಾಳಾಗುವುದೂ ಅದೇ. ‘ಟೆಕ್ನಿಕಲ್ ಮೆಮೊರಾಂಡಮ್’ ಎಂದರೆ ಜರ್ಮನ್, ಫ್ರೆಂಚ್ ಮೊದಲಾದ ಭಾಷೆಗಳಿಂದ ಅನುವಾದ. ಯುದ್ಧಕಾಲದ್ದಕ್ಕೆ ಎರಡು ಹೆಸರು ಇರುತ್ತವೆ: ಮೊದಲು ಗುಪ್ತ ವರದಿಯಾಗಿ ಒಂದು ಸಂಖ್ಯೆ, ಆಮೇಲೆ ‘ವಾರ್‌ಟೈಮ್ ರಿಪೋರ್ಟ್’ ಎಂದು ಇನ್ನೊಂದು. ಆ ಎರಡನೆಯ ಸಂಖ್ಯೆಯಲ್ಲಿ ಎಲ್ ಎಂದಿದ್ದರೆ ಸಮಿತಿಯ ಲ್ಯಾಂಗ್ಲಿ ಪ್ರಯೋಗಾಲಯದ್ದು, ಎ ಎಂದಿದ್ದರೆ ಏಮ್ಸ್ ಪ್ರಯೋಗಾಲಯದ್ದು. ಒಳಗಿನ ವಿಷಯ ಒಂದೇ, ಬೇರೆ ಬೇರೆ ವರದಿ ಎಂದು ಎಣಿಸಬೇಡ. ಗುಪ್ತ ಎಂಬ ಠಸ್ಸೆ, ಅದನ್ನು ಹೊಡೆದುಹಾಕಿದ ಸಹಿ ಇರುವ ಪ್ರತಿಯನ್ನು ಮಾತ್ರ ಜೋಪಾನ ಮಾಡು. ಬ್ರಿಟನ್ನಿನ ಇಂಥದೇ ವಿಮಾನ ಸಮಿತಿ 1909ರದು. ಅದರ ‘ರಿಪೋರ್ಟ್ಸ್ ಅಂಡ್ ಮೆಮೊರಾಂಡಾ’ ಸಂಖ್ಯೆಗಳನ್ನು ಇದರೊಡನೆ ಬೆರೆಸಬೇಡ.

ನಿನ್ನ ಪಟ್ಟಿಯಲ್ಲಿ ‘ಟೆಕ್ನಿಕಲ್ ರಿಪೋರ್ಟ್’ 460 ಕಂಡು ಬಹಳ ಖುಷಿಯಾಯಿತು. 1933ರ ಆ ವರದಿಯಲ್ಲಿ 78 ರೆಕ್ಕೆಯ ಅಡ್ಡಕೊಯ್ತಗಳನ್ನು, ಹೊರಗಿನ ಗಾಳಿಯ ಇಪ್ಪತ್ತು ಪಟ್ಟು ಒತ್ತಡದವರೆಗೆ ಏರಿಸಬಲ್ಲ ಗಾಳಿಸುರಂಗದಲ್ಲಿ (ವಿಂಡ್ ಟನೆಲ್) ಇಟ್ಟು ಅಳೆದಿದ್ದಾರೆ. ಅದರಲ್ಲಿ 2412 ಎಂಬ ಅಡ್ಡಕೊಯ್ತ ಹುಡುಕು. ಮೊದಲ 2 ಎಂದರೆ ರೆಕ್ಕೆಯ ಅಗಲದ (ಮುಂದಂಚಿನಿಂದ ಹಿಂದಂಚಿನವರೆಗಿನ ಅಳತೆ) ನೂರಕ್ಕೆ ಎರಡರಷ್ಟು ಬಾಗು; 4 ಎಂದರೆ ಆ ಬಾಗು ಮುಂದಂಚಿನಿಂದ ನೂರಕ್ಕೆ ನಲವತ್ತರಲ್ಲಿದೆ; 12 ಎಂದರೆ ಆ ಅಗಲದ ನೂರಕ್ಕೆ ಹನ್ನೆರಡರಷ್ಟು ದಪ್ಪ. ಇಡೀ ಆಕಾರ ನಾಲ್ಕು ಅಂಕಿಯಲ್ಲಿ! ಆದರೆ ಆ ಸುರಂಗದ ಗಾಳಿ ಬಹಳ ಪ್ರಕ್ಷುಬ್ಧ. ಆಮೇಲೆ ಅದರ ರೆನಾಲ್ಡ್ಸ್ ಸಂಖ್ಯೆಯನ್ನು (ವೇಗ, ಗಾತ್ರ, ಗಾಳಿಯ ಗುಣಗಳಿಂದ ಲೆಕ್ಕಹಾಕುವ, ಹರಿವಿನ ಸ್ವರೂಪ ಹೇಳುವ ಅಂಕಿ) 2.64ರಿಂದ ಗುಣಿಸಿ ಓದಬೇಕೆಂದು ತಿದ್ದಿದರು. ಆದ್ದರಿಂದ 460ರ ಪಕ್ಕದಲ್ಲಿ ಆ ತಿದ್ದುಪಡಿ ಇರುವ 1937ರ ವರದಿ 586 ಇರಲೇಬೇಕು. ಅದಿಲ್ಲದೆ 460ರ ಅಂಕಿಗಳು ದಾರಿ ತಪ್ಪಿಸುತ್ತವೆ. ಕಾಗದ ಸಿಗುವವರೆಗೆ ನಾಸಾ ತಾಣದಲ್ಲಿ ಎರಡೂ ಪುಕ್ಕಟೆ ಓದಲು ಸಿಗುತ್ತವೆ.

ಇನ್ನು ಕೈಕೆಲಸ. ಪಿನ್ನುಗಳು ತುಕ್ಕು ಹಿಡಿದಿರುತ್ತವೆ, ಮೊದಲು ಅವನ್ನೇ ತೆಗೆ. ಪಿನ್ ಕೀಳುವ ಚಿಮಟ ಬೇಡ, ಕಾಗದ ಕಿತ್ತುಬರುತ್ತದೆ. ವರದಿಯನ್ನು ಬೋರಲು ಹಾಕಿ, ಪಿನ್ನಿನ ಕಾಲಿನ ಕೆಳಗೆ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಮೊಂಡು ಚಾಕುವಿನಿಂದ ಕಾಲು ಎಬ್ಬಿಸು. ಆಮೇಲೆ ಮುಂದಿನಿಂದ ಎಳೆ. ಹೊಸ ತೂತು ಹೊಡೆಯದೆ ಹಳೆಯ ತೂತಿನಲ್ಲಿಯೇ ಹತ್ತಿಯ ದಾರ ಪೋಣಿಸಿ ಸಡಿಲವಾಗಿ ಕಟ್ಟು. ಹರಿದಲ್ಲಿ ಸೆಲ್ಲೋಟೇಪು ಹಚ್ಚಲೇಬೇಡ. ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿದರೆ ಮತ್ತೆ ಬಾರದು. ಹಿಂಬದಿಗೆ ಜಪಾನಿ ಟಿಶ್ಯೂ (ತೆಳ್ಳನೆಯ, ಗಟ್ಟಿ ನಾರಿನ ಕಾಗದ), ಏನೂ ಬೆರೆಸದ ಗೋಧಿ ಪಿಷ್ಟದ ಅಂಟು, ಅಷ್ಟೇ.

ಕಟ್ಟಿನ ತಳದಲ್ಲಿದೆ ಎಂದೆಯಲ್ಲ, ಆ ನೀಲಿ ಬ್ಲೂಪ್ರಿಂಟನ್ನು ಬೇರೆ ಇಡು. ಉಳಿದ ಕಾಗದಕ್ಕೆ ಸುಣ್ಣದಂಶ ಸೇರಿಸಿದ ಆಮ್ಲರಹಿತ ಫೋಲ್ಡರ್ ಹಿತ. ಬ್ಲೂಪ್ರಿಂಟಿಗೆ ಅದೇ ವಿಷ, ಕ್ಷಾರ ತಾಗಿದರೆ ನೀಲಿ ಬಣ್ಣ ಬಿಳಚಿಕೊಳ್ಳುತ್ತದೆ. ಅದಕ್ಕೆ ಸುಣ್ಣದಂಶವಿಲ್ಲದ ತಟಸ್ಥ ಕಾಗದ, ಪೂರ್ತಿ ಕತ್ತಲೆ. ಹೊಳೆಯುವ ಆರ್ಟ್ ಪೇಪರಿನ ಚಿತ್ರಗಳು ನೆನೆದರೆ ಹಸಿ ಇರುವಾಗಲೇ ಪುಟ ಬಿಡಿಸಿ ನಡುವೆ ಬಟರ್ ಪೇಪರ್ ಹಾಕು. ಅಂಟಿಕೊಂಡು ಒಣಗಿದರೆ ಇಟ್ಟಿಗೆಯೇ.

ಮಡಿಕೆ ಹಾಳೆಗಳನ್ನು ಮಾತ್ರ ಈಗ ಮುಟ್ಟಬೇಡ. ನಿಮ್ಮೂರಿನ ಈ ಬಿಸಿಲಿನಲ್ಲಿ ಕಾಗದ ಹಪ್ಪಳದಂತಿರುತ್ತದೆ, ಬಿಚ್ಚಿದರೆ ಮಡಿಕೆಯಲ್ಲೇ ಮುರಿಯುತ್ತದೆ. ಆಷಾಢದ ತಂಪು ಗಾಳಿಗೆ ಕಾಗದ ಮೆತ್ತಗಾಗುತ್ತದೆ. ಆಗ ಬಿಚ್ಚಿ, ಫೋಟೋ ತೆಗೆದು, ಹಿಂಬದಿಗೆ ಟಿಶ್ಯೂ ಕೊಟ್ಟು ಮತ್ತೆ ಮಡಚು. ಇಡುವ ಜಾಗದಲ್ಲಿ ಮಾತ್ರ ಗಾಳಿಯ ತೇವಾಂಶ ನೂರಕ್ಕೆ 50ರ ಆಸುಪಾಸು ಇರಲಿ, 65 ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ. ಅಷ್ಟರೊಳಗೆ ಒಂದೊಂದು ವರದಿಯ ಸಂಖ್ಯೆ, ವರ್ಷ, ಪುಟ, ಮಡಿಕೆ ಹಾಳೆ ಎಷ್ಟು ಎಂದು ಬರೆದು ಕಳಿಸು. 586 ಇದೆಯೋ ಇಲ್ಲವೋ, ಅದನ್ನು ಮೊದಲು ನೋಡು.

ನಿನ್ನ ಗೆಳೆಯ